ಉಚಿತ ಕ್ಲೀನರ್‌ನಿಂದ ಕಂಪ್ಯೂಟರ್ ಚುರುಕಾಗುತ್ತದೆಯೇ?

ಪ್ರಶ್ನೆ: ಮನೆಯ ಕಂಪ್ಯೂಟರ್ ನಿಧಾನವಾಗಿದೆ. ಸಿಕ್ಲೀನರ್‌ನಂಥ ಉಚಿತ ತಂತ್ರಾಂಶ ಹಾಕಿಕೊಳ್ಳಬಹುದೇ?

ಉತ್ತರ: ಬೇಡ ಎಂದೇ ಹೇಳುತ್ತೇನೆ. ಇಂಥ ತಂತ್ರಾಂಶ ತಾತ್ಕಾಲಿಕ ಕಡತಗಳನ್ನು ಅಳಿಸಿ ಜಾಗ ಬಿಡಿಸುತ್ತದೆ, ನಿಜ. ಆದರೆ ಡಿಸ್ಕ್ ಪೂರ್ತಿ ತುಂಬಿದ್ದರೆ ಹೊರತು ಜಾಗಕ್ಕೂ ವೇಗಕ್ಕೂ ಅಷ್ಟು ನಂಟಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯ ಶುದ್ಧೀಕರಣದ ಗೊಡವೆಗಂತೂ ಹೋಗಲೇಬೇಡಿ: ಅಲ್ಲಿನ ಹಳೆಯ ನಮೂದುಗಳ ಹೊರೆ ನಗಣ್ಯ, ಬೇಕಾದದ್ದೊಂದು ಅಳಿಸಿಹೋದರೆ ವಿಂಡೋಸೇ ಕೆಡಬಹುದು. ಲಕ್ಷಾಂತರ ಜನ ಬಳಸುತ್ತಾರಲ್ಲ ಎನ್ನಬಹುದು. ಆದರೆ ಅದು ಸುರಕ್ಷತೆಯ ಖಾತ್ರಿಯಲ್ಲ: 2017ರಲ್ಲಿ ಸಿಕ್ಲೀನರ್‌ನ ಅಧಿಕೃತ 5.33 ಆವೃತ್ತಿಯೊಳಗೇ ದಾಳಿಕೋರರು ಕುತಂತ್ರಾಂಶ ಸೇರಿಸಿದ್ದರು. ಅದು 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹೊಕ್ಕಿತು. ಜಾಗವೇ ಬೇಕಿದ್ದರೆ ವಿಂಡೋಸ್‌ನಲ್ಲೇ ಸ್ಟೋರೇಜ್ ಸೆನ್ಸ್ ಇದೆ. ವೇಗ ಬೇಕಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಕಂಪ್ಯೂಟರ್ ಜೊತೆಗೇ ಶುರುವಾಗುವ ಅನಗತ್ಯ ತಂತ್ರಾಂಶಗಳನ್ನು ನಿಲ್ಲಿಸಿ; ಇನ್ನೂ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ.