ಪ್ರಯೋಗಶಾಲೆಯ ವಿದ್ಯಾರ್ಥಿಯೂ ರೇಷ್ಮೆಹುಳುವಿನ ಗಂಟುರೋಗವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ತೋಟವುಳ್ಳ ಮನೆಗಳಿಗೆ ರೇಷ್ಮೆಗೂಡು ಕೈಗೆ ಹಣ ತರತಕ್ಕ ಬೆಳೆಯೆಂಬುದು ಸರ್ವವಿದಿತವಾದ ವಿಷಯವು. ಆದರೆ ಈ ಬೆಳೆಗೆ ಮೂಲವಾದ ಮೊಟ್ಟೆಯ ಶುದ್ಧಾಶುದ್ಧತೆಯು ನಿರ್ಧಾರವಾಗುವುದು ಹುಳುಮನೆಯಲ್ಲಲ್ಲ, ಸೂಕ್ಷ್ಮದರ್ಶಕ ಯಂತ್ರದ ಕೆಳಗೆ. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಗಾಜಿನ ತುಂಡುಗಳನ್ನು ನೋಡುತ್ತ ವರ್ಷಗಟ್ಟಲೆ ಕಳೆಯುವುದರಿಂದ ರೈತನಿಗೆ ಏನು ಪ್ರಯೋಜನವೆಂದು ಕೇಳುವವರಿಗೆ ಗಂಟುರೋಗದ ಚರಿತ್ರೆಯೇ ತಕ್ಕ ಉತ್ತರವಾಗಿರುತ್ತದೆ.

ಗಂಟುರೋಗಕ್ಕೆ ಕಾರಣವು ಒಂದು ಅತಿಸೂಕ್ಷ್ಮ ಜೀವಿಯು. ಇದರ ಬೀಜಾಣುವು ಅಂಡಾಕಾರವಾಗಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ಮಾತ್ರ ಉದ್ದವಿರುತ್ತದೆ. ರೋಗ ತಗುಲಿದ ಹುಳುಗಳು ಒಂದೇ ಸಮನಾಗಿ ಬೆಳೆಯುವುದಿಲ್ಲ. ಜ್ವರಕ್ಕೆ ಒಟ್ಟಿಗೆ ಕೂರುವುದಿಲ್ಲ. ಕೆಲವುಗಳ ಮೈಮೇಲೆ ಕರಿಮೆಣಸಿನ ಪುಡಿಯನ್ನು ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತವೆ. ರೋಗವು ಹಿಕ್ಕೆಯಿಂದ ಮಲಿನವಾದ ಸೊಪ್ಪಿನ ಮೂಲಕ ಹರಡುವುದಲ್ಲದೆ, ತಾಯಿಚಿಟ್ಟೆಯಿಂದ ಮೊಟ್ಟೆಗೂ ಇಳಿದುಬರುತ್ತದೆ. ಒಂದು ಚಿಟ್ಟೆಯು ಸುಮಾರು 400 ರಿಂದ 500 ಮೊಟ್ಟೆಗಳನ್ನಿಡುವುದರಿಂದ, ರೋಗಿಷ್ಠ ಚಿಟ್ಟೆ ಒಂದೇ ಇದ್ದರೂ ಇಡೀ ಮನೆಯ ಬೆಳೆಗೆ ಅಪಾಯವುಂಟು. ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿ ರೋಗವನ್ನು ಗುರುತಿಸುವುದು ಅಸಾಧ್ಯವು.

ಫ್ರಾನ್ಸ್ ದೇಶದ ರೇಷ್ಮೆ ಬೆಳೆಯನ್ನು ಈ ರೋಗವು ಹಾಳುಮಾಡುತ್ತಿದ್ದಾಗ, 1865ರಲ್ಲಿ ಲೂಯಿ ಪಾಸ್ಚರ್ ಎಂಬ ರಸಾಯನಶಾಸ್ತ್ರಜ್ಞನು ಅದರ ಪರಿಶೋಧನೆಗೆ ನಿಯಮಿತನಾದನು. ಅದಕ್ಕೆ ಮುಂಚೆ ರೇಷ್ಮೆಹುಳುವಿನ ಪರಿಚಯವೇ ಇಲ್ಲದ ಆತನು ತನ್ನ ಶಿಷ್ಯರನ್ನು ಕೂಡಿಕೊಂಡು ಸುಮಾರು ಐದು ವರ್ಷಗಳ ಕಾಲ ದುಡಿದು ಒಂದು ಸರಳ ವಿಧಾನವನ್ನು ಸ್ಥಾಪಿಸಿದನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಅದರ ಒಂದು ತೊಟ್ಟು ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು. 1914ರ ಸುಮಾರಿಗೆ ಮೈಸೂರು ಸರ್ಕಾರದವರು ಚನ್ನಪಟ್ಟಣದಲ್ಲಿ ರೇಷ್ಮೆ ಫಾರಮ್ಮನ್ನು ಸ್ಥಾಪಿಸಿ ರೋಗರಹಿತ ಮೊಟ್ಟೆಗಳ ತಯಾರಿಕೆಗೆ ತೊಡಗಿದುದು ಈ ವಿಧಾನವನ್ನು ಅನುಸರಿಸಿಯೇ. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆಯೇ ಆಧಾರವಾಗಿರುತ್ತದೆ.

ಹೆಬ್ಬಾಳದಲ್ಲಿ 1946ರಲ್ಲಿ ಆರಂಭವಾದ ಕೃಷಿ ಕಾಲೇಜನ್ನು ಒಳಗೊಂಡು 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಇಂತಹ ಸಂಸ್ಥೆಗಳಲ್ಲಿ ರೇಷ್ಮೆಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಯ ದಿನಚರಿಯು ರೈತನ ದಿನಚರಿಗಿಂತ ಬಹಳ ಬೇರೆಯಲ್ಲ. ಹುಳುವು ರಜೆಯನ್ನೂ ಅರಿಯದು, ಪರೀಕ್ಷೆಯನ್ನೂ ಅರಿಯದು. ವಿದ್ಯಾರ್ಥಿಯು ಬೆಳಗಿನಿಂದ ರಾತ್ರಿಯವರೆಗೆ ವೇಳೆಗೆ ಸರಿಯಾಗಿ ಸೊಪ್ಪು ಹಾಕಬೇಕು, ಹಾಸಿಗೆ ಬದಲಿಸಬೇಕು, ಶಾಖ ತೇವಗಳನ್ನು ಬರೆದಿಡಬೇಕು, ಸತ್ತ ಹುಳುಗಳನ್ನು ಎಣಿಸಬೇಕು. ಒಂದು ಔಷಧಿಯ ಗುಣವನ್ನು ತಿಳಿಯಲು ಒಂದು ಬೆಳೆ ಸಾಲದು. ಒಂದೇ ತಳಿಯ ಹುಳುಗಳನ್ನು ಹಲವು ತಟ್ಟೆಗಳಲ್ಲಿ ಹಂಚಿ, ಒಂದೇ ತೋಟದ ಸೊಪ್ಪನ್ನು ಕೊಟ್ಟು, ಕೆಲವಕ್ಕೆ ಔಷಧಿಯನ್ನು ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು ತೂಗಿನೋಡಬೇಕು. ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಪುನಃ ಮಾಡಬೇಕು. ಔಷಧಿಯಿಲ್ಲದ ತಟ್ಟೆಯೂ ಚೆನ್ನಾಗಿ ಬೆಳೆದರೆ ಗುಣವು ಔಷಧಿಯದಲ್ಲವೆಂದು ತಿಳಿಯುತ್ತದೆ. ಇದು ಶ್ರಮದ ನಷ್ಟವೆಂದು ತೋರಬಹುದಾದರೂ, ರೈತನು ನಿಷ್ಪ್ರಯೋಜಕವಾದ ವಸ್ತುವಿಗೆ ಹಣ ತೆರುವುದನ್ನು ಇದೇ ತಪ್ಪಿಸುತ್ತದೆ.

ಮಾಗಡಿ ಸೀಮೆಯವರಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯುಂಟು. ಮಾಗಡಿ, ಕುಣಿಗಲ್ ಕಡೆಯ ಗ್ರಾಮಗಳು ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದವು. ಮಿಶ್ರತಳಿಯ ಮೊಟ್ಟೆಗೆ ಸಾಮಾನ್ಯವಾಗಿ ಈ ಮೈಸೂರು ತಳಿಯ ಹೆಣ್ಣುಚಿಟ್ಟೆಯೇ ತಾಯಿಯಾಗಿರುತ್ತದೆ. ರೋಗವು ತಾಯಿಯಿಂದಲೇ ಇಳಿಯುವುದರಿಂದ, ಮಾಗಡಿಯ ಒಂದು ಮನೆಯಲ್ಲಿ ಮುಚ್ಚಿಟ್ಟ ರೋಗವು ಕನಕಪುರದ ಹತ್ತು ಮನೆಗಳ ಬೆಳೆಯನ್ನು ಕೆಡಿಸಬಲ್ಲದು.

ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಕೆಲವು ಸಂಗತಿಗಳನ್ನು ಅವಶ್ಯವಾಗಿ ಗಮನಿಸತಕ್ಕದ್ದು. ಪರವಾನಗಿಯುಳ್ಳ ಕೋಠಿಯಲ್ಲಿ ಪರೀಕ್ಷಿತವಾದ ಮೊಟ್ಟೆಯನ್ನಲ್ಲದೆ ಬೇರೆಯದನ್ನು ಗ್ರಾಮದೊಳಕ್ಕೆ ತರಿಸಬಾರದು. ಪ್ರತಿ ಬೆಳೆಯ ನಂತರ ಹುಳುಮನೆ, ತಟ್ಟೆ, ಚಂದ್ರಿಕೆಗಳನ್ನು ಸೋಂಕುನಾಶಕದಿಂದ ತೊಳೆಯಿಸಬೇಕು. ಹುಳುಗಳು ಏರುಪೇರಾಗಿ ಬೆಳೆದರೆ ನಾಚಿಕೆಯಿಂದ ತಿಪ್ಪೆಗೆ ಎಸೆಯದೆ, ಕೆಲವನ್ನು ರೇಷ್ಮೆ ತಾಂತ್ರಿಕ ಸೇವಾ ಕೇಂದ್ರಕ್ಕೆ ತಲುಪಿಸಿ ಪರೀಕ್ಷೆ ಮಾಡಿಸಬೇಕು. ರೋಗವು ನಿಶ್ಚಿತವಾದರೆ ಉಳಿದವನ್ನು ಸುಡಬೇಕು.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ಬಂದು ತಂಗುವುದುಂಟು. ಅವರು ಕೆಟ್ಟ ಬೆಳೆಯ ವಿವರವನ್ನು ಕೇಳಿದಾಗ ಯಥಾರ್ಥವನ್ನೇ ಹೇಳುವುದು ಶ್ರೇಯಸ್ಕರವು. ಒಳ್ಳೆಯ ಬೆಳೆಯ ಲೆಕ್ಕವು ಒಂದು ಮನೆಗೆ ಸಂತೋಷವನ್ನು ತರುತ್ತದೆ. ಕೆಟ್ಟ ಬೆಳೆಯ ನಿಜವಾದ ಲೆಕ್ಕವು ಪ್ರಯೋಗಶಾಲೆಗೆ ತಲುಪಿದರೆ ಮುಂದಿನ ಅನೇಕ ಮನೆಗಳ ಬೆಳೆಯನ್ನು ಉಳಿಸುತ್ತದೆ.