ಹೊಸಪೇಟೆಯಲ್ಲಿ ಅಡಿಗಲ್ಲಿಟ್ಟ ಗವರ್ನರ್

ನಮ್ಮ ತೋಟದ ಬಸಿಗಾಲುವೆಯ ನೀರು ಎಲ್ಲಿಗೆ ಹೋಗುತ್ತದೆಂದು ಸದಸ್ಯರಲ್ಲಿ ಹೆಚ್ಚಿನವರು ಯೋಚಿಸಿರಲಾರರು. ತುಂಗೆಗೋ ಭದ್ರೆಗೋ ಸೇರಿ, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಕಟ್ಟೆಯಲ್ಲಿ ನಿಲ್ಲುತ್ತದೆ. ಕಾಫಿ ಕೊಯ್ಲು ಮುಗಿಸಿ ಹಂಪಿ ನೋಡಲು ಹೋದ ನಾವು ಆ ಕಟ್ಟೆಯನ್ನೂ ನೋಡಿ ಬಂದೆವು. ದಕ್ಷಿಣಕ್ಕೆ ಸಂಡೂರಿನ ಗುಡ್ಡಸಾಲು, ಎದುರಿಗೆ ಕಣ್ಣು ಹಾಯುವಷ್ಟೂ ನಮ್ಮದೇ ಮಲೆನಾಡಿನ ಮಳೆ!

ಹೊಸಪೇಟೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಹೊಳೆಯಾಚೆ ನಿಜಾಮರ ಸೀಮೆ. ನೀರಿನ ಹಂಚಿಕೆಯ ಜಗ್ಗಾಟ ವರ್ಷಗಟ್ಟಲೆ ನಡೆದು 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಎಡದಂಡೆಯಲ್ಲಿ ಬೇರಾರಿನ ರಾಜಕುಮಾರರೂ ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಅಡಿಗಲ್ಲಿಟ್ಟರು.

ಈ ಹೋಪ್ ಸಾಹೇಬರು 1897ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿದವರು. ತಂದೆ ಲಾರ್ಡ್ ಪದವಿ ಪಡೆದವರು. ಮಗ ಮೊದಲನೆಯ ಮಹಾಯುದ್ಧದಲ್ಲಿ ಕಾದಿ ಶೌರ್ಯಪದಕ ಗಳಿಸಿ, ಪಾರ್ಲಿಮೆಂಟು ಸೇರಿ, 1940ರಲ್ಲಿ ಮದರಾಸಿಗೆ ಬಂದರು. ರಾಜಾಜಿಯವರ ಮಂತ್ರಿಮಂಡಲ 1939ರಲ್ಲೇ ರಾಜೀನಾಮೆ ಕೊಟ್ಟಿತ್ತು. ಹೀಗಾಗಿ ಆರು ವರ್ಷ ಮಂತ್ರಿಗಳಿಲ್ಲ, ಕೇಳುವ ಶಾಸನಸಭೆಯಿಲ್ಲ. ಗವರ್ನರರ ಸಹಿಯೇ ಸರ್ಕಾರ. 1942ರ ಚಳವಳಿಯಲ್ಲಿ ಜನರನ್ನು ಜೈಲಿಗೆ ತುಂಬಿದ್ದೂ ಆ ಆಡಳಿತವೇ.

ಅಡಿಗಲ್ಲಿಟ್ಟ ಮರುವರ್ಷವೇ, 1946ರ ಫೆಬ್ರವರಿಯಲ್ಲಿ, ಅವರು ಅಧಿಕಾರ ಬಿಟ್ಟರು. ಒಳಗಿನ ಸಂಗತಿ ಬಹುಕಾಲ ಮುಚ್ಚಿಯೇ ಇತ್ತು. ಬ್ರಿಟಿಷ್ ಸರ್ಕಾರ ಮುಂದೆ ತೆರೆದ ಗುಪ್ತ ಕಡತಗಳಲ್ಲಿ ಅದು ಸಿಕ್ಕಿತು: ಸಾಹೇಬರು ರೆಡ್‌ಕ್ರಾಸ್ ನಿಧಿಯ ಹಣವನ್ನು ಸ್ವಂತಕ್ಕೆ ಬಳಸಿಕೊಂಡಿದ್ದರು. ವಿಚಾರಣೆಯಿಲ್ಲ, ಶಿಕ್ಷೆಯಿಲ್ಲ. ಸಂಘದ ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ನಮ್ಮಲ್ಲಾದರೆ ನೂರು ರೂಪಾಯಿ ವ್ಯತ್ಯಾಸ ಬಂದರೂ ಮಹಾಸಭೆಯಲ್ಲಿ ನಿಲ್ಲಿಸಿ ಕೇಳುತ್ತೀರಿ. ಕೇಳಬೇಕಾದದ್ದೇ. ಅವರನ್ನು ಕೇಳಲು ಸಭೆಯನ್ನೇ ಉಳಿಸಿರಲಿಲ್ಲ.

ಹೋಪ್ 1949ರಲ್ಲಿ ತಂದೆಯ ಲಾರ್ಡ್ ಪದವಿಗೆ ಬಂದು 1958ರಲ್ಲಿ ತೀರಿಕೊಂಡರು. ಕಟ್ಟೆಯನ್ನು ಕಟ್ಟಿದ್ದು ನಮ್ಮ ಇಂಜಿನಿಯರುಗಳು, ಕಲ್ಲು ಹೊತ್ತ ಕೂಲಿಗಳು. ನೆಲ ಬಿಟ್ಟುಕೊಟ್ಟದ್ದು ಮುಳುಗಿದ ಹತ್ತಾರು ಹಳ್ಳಿಗಳ ರೈತರು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ವಿಜಯನಗರದ ಅರಸರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಗೂ ಈಗ ಅಲ್ಲಿಂದಲೇ ನೀರು. ಬರುವಾಗ ಕಂಪ್ಲಿಯ ಕಡೆ ಹೋಗಿದ್ದೆವು. ರಸ್ತೆಯ ಎರಡೂ ಬದಿ ಭತ್ತ, ಬಾಳೆ, ಕಬ್ಬು. ಗದ್ದೆಯ ಬದುವಿನಲ್ಲಿದ್ದ ಯಜಮಾನರೊಬ್ಬರು, "ನಿಮ್ಮ ಕಡೆ ಮಳಿ ಹೆಂಗೈತ್ರಿ?" ಎಂದು ಮೊದಲು ಕೇಳಿದರು. ಹೋಪ್ ಸಾಹೇಬರ ಹೆಸರು ಹೇಳಿದೆವು. ಅವರು ಕೇಳಿರಲಿಲ್ಲ.