ಸಾರಥಿಯ ಆಗಮನ, ನಿರ್ಗಮನ
ಗಣಕಯಂತ್ರಕ್ಕೆ ಮುದ್ರಣಯಂತ್ರವನ್ನು ಜೋಡಿಸಿದ ಮಾತ್ರಕ್ಕೆ ಅದು ಅಚ್ಚುಹಾಕಲಾರದು. ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ‘ಡ್ರೈವರ್’ ಎಂಬ ಸಾರಥಿಯು ನಡುವೆ ಇರಬೇಕು. ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬುದು ತನ್ನ ಒಳಗುಟ್ಟನ್ನು ಸರ್ವರಿಗೂ ತೆರೆದಿಟ್ಟಿರುವ ಲಿನಕ್ಸ್ ವ್ಯವಸ್ಥೆ. ಅದರಲ್ಲಿ ಸಾರಥಿಯನ್ನು ಕರೆತರುವುದು ಸುಲಭ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಚ್‌ಪಿಲಿಪ್’ ಎಂದು ರೋಮನ್ ಲಿಪಿಯಲ್ಲಿ ಆಜ್ಞಾಪಿಸಿ, ಬಳಿಕ ‘ಎಚ್‌ಪಿ-ಸೆಟಪ್’ ಎಂದರಾಯಿತು. ಕಳುಹಿಸಿಕೊಡುವುದೇ ಕಠಿನ.

ಹಳೆಯ ಮುದ್ರಣಯಂತ್ರವನ್ನು ನೆಂಟರಿಗೆ ಕೊಟ್ಟು ಬೇರೊಂದನ್ನು ತಂದಾಗ, ಹಳೆಯ ಸಾರಥಿಗೆ ನಾನು ‘ರಿಮೂವ್’ ಎಂದು ಬರೆದು ನಿಶ್ಚಿಂತನಾದೆನು. ಮರುದಿನವೇ ನಿವೃತ್ತಿವೇತನದ ಅರ್ಜಿಯನ್ನು ಸಲ್ಲಿಸಬೇಕಾಗಿದ್ದಿತು. ರಾತ್ರಿ ಹತ್ತು ಗಂಟೆಯವರೆಗೆ ಮೂರು ಬಾರಿ ಕಳುಹಿಸಿದರೂ ಒಂದು ಹಾಳೆಯೂ ಹೊರಬರಲಿಲ್ಲ. ಅರ್ಜಿಯು ಮನೆಯಲ್ಲಿಯೇ ಇಲ್ಲದ ಹಳೆಯ ಯಂತ್ರದ ಸರದಿಯಲ್ಲಿ ಕಾದು ಕುಳಿತಿದ್ದಿತು! ವ್ಯಾಕರಣದಲ್ಲಿ ಲೋಪವಾದ ಪ್ರತ್ಯಯವೂ ತನ್ನ ಕಾರ್ಯವನ್ನು ನಡೆಸುವುದೆಂದು ಮಕ್ಕಳಿಗೆ ಪಾಠ ಹೇಳಿದ್ದ ನನಗೆ ಇದು ಹೊಳೆಯದೆ ಹೋಯಿತು.

‘ರಿಮೂವ್’ ಎಂಬುದು ತಂತ್ರಾಂಶವನ್ನು ತೆಗೆದರೂ ‘ಇಟಿಸಿ’ ಎಂಬ ಕೋಶದಲ್ಲಿರುವ ಅದರ ವಿನ್ಯಾಸಪತ್ರಗಳನ್ನು ಉಳಿಸುವುದು. ‘ಪರ್ಜ್’ ಎಂದರೆ ಅವೂ ಹೋಗುವುವು. ಅದರೊಡನೆ ಬಂದು ಈಗ ನಿರುಪಯುಕ್ತವಾದ ಪರಿವಾರವು ‘ಆಟೋರಿಮೂವ್’ನಿಂದ ತೊಲಗುವುದು. ನಮ್ಮ ಸ್ವಂತ ಕೋಶದಲ್ಲಿರುವ ಕಡತಗಳನ್ನು ಮಾತ್ರ ‘ಪರ್ಜ್’ ಕೂಡ ಮುಟ್ಟದು. ಅದು ಮರ್ಯಾದೆಯೇ ಸರಿ. ಆದರೆ ಮುದ್ರಣದ ಸರದಿಗಳು ‘ಕಪ್ಸ್’ ಎಂಬ ಬೇರೊಂದು ವ್ಯವಸ್ಥೆಯ ಅಧೀನವಾದುವು. ಅಲ್ಲಿಯ ಹೆಸರನ್ನು ಅಳಿಸಲು ‘ಎಲ್‌ಪಿಅಡ್ಮಿನ್’ ಎಂಬ ಆಜ್ಞೆಗೆ ‘ಎಕ್ಸ್’ ಸಂಕೇತವನ್ನೂ ಯಂತ್ರದ ಹೆಸರನ್ನೂ ಕೊಡತಕ್ಕದ್ದು.

ಹಾಗೆಯೇ ಅಳಿಸಿ, ಹೊಸ ಯಂತ್ರವನ್ನೇ ಮುಖ್ಯವೆಂದು ನಿಯಮಿಸಿ ಮತ್ತೆ ಕಳುಹಿಸಿದೆನು. ಹತ್ತೂವರೆಗೆ ಅರ್ಜಿಯು ಕೈಸೇರಿತು.